ಜೀನ್ ದಾಟುವುದನ್ನು ತಟ್ಟೆಯ ಮೇಲೆ ತೋರಿಸಿದ ನನ್ನ ಅನುಭವ

ಮೈಸೂರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಒಂದು ಬ್ಯಾಕ್ಟೀರಿಯಾ ಸೀಳಿ ಎರಡಾಗುತ್ತದೆ, ಎರಡೂ ಒಂದೇ ತೆರ. ಹಾಗಾದರೆ ಹೊಸ ಗುಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ವಿದ್ಯಾರ್ಥಿಗಳು ‘ಉತ್ಪರಿವರ್ತನೆ’ (ಜೀನ್ ತಾನಾಗಿ ಬದಲಾಗುವುದು) ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಸರಿಯೇ. ಆದರೆ ನಿರುಪದ್ರವಿ ಬ್ಯಾಕ್ಟೀರಿಯಾ ರೋಗಕಾರಕವಾಗುವುದು ಎಷ್ಟೋ ಸಲ ಬೇರೆಡೆಯಿಂದ ಇಡಿಯಾಗಿ ಬಂದ ಜೀನ್‌ನಿಂದ. ಜೀನ್ ಹೀಗೆ ದಾಟುವುದನ್ನು ಅವರು ಕಣ್ಣಾರೆ ಕಾಣಬೇಕೆಂಬುದು ನನ್ನ ಹಟ.

ಅದಕ್ಕಾಗಿ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ, ರೋಗ ತರದ ಎರಡು ತಳಿಗಳನ್ನು ಇಟ್ಟುಕೊಂಡಿದ್ದೇನೆ. ಒಂದರ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರ‌ನಲ್ಲಿ ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಔಷಧವನ್ನು ತಡೆದುಕೊಳ್ಳುವ ಜೀನ್ ಇದೆ. ಇನ್ನೊಂದರ ಕ್ರೋಮೋಸೋಮಿನಲ್ಲಿ, ಅಂದರೆ ಮುಖ್ಯ ಡಿಎನ್‌ಎಯಲ್ಲಿ, ಸ್ಟ್ರೆಪ್ಟೊಮೈಸಿನ್ ಎಂಬ ಇನ್ನೊಂದು ಔಷಧವನ್ನು ತಡೆದುಕೊಳ್ಳುವ ಗುಣ. ಎರಡನ್ನೂ ಒಂದೇ ಕೊಳವೆಯಲ್ಲಿ ಬೆರೆಸಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಕೊಳವೆಯನ್ನು ಕುಲುಕಬಾರದು, ಕೂಡಿಕೊಂಡ ಜೋಡಿಗಳು ಬಿಡಿಸಿಹೋಗುತ್ತವೆ. ನಂತರ ಎರಡೂ ಔಷಧಗಳಿರುವ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಆಹಾರ) ತಟ್ಟೆಯ ಮೇಲೆ ಹರಡುತ್ತೇವೆ. ಎರಡನ್ನೂ ತಡೆದುಕೊಳ್ಳುವ ಕೋಶ ಮಾತ್ರ ಅಲ್ಲಿ ಬೆಳೆಯಬಲ್ಲದು. ಬೆರೆಸದ ತಳಿಗಳನ್ನೂ ಅಂಥದೇ ತಟ್ಟೆಗಳ ಮೇಲೆ ಬೇರೆ ಬೇರೆಯಾಗಿ ಹರಡುವುದು ಕಡ್ಡಾಯ. ಅವಿಲ್ಲದಿದ್ದರೆ, ಬೆಳೆದದ್ದು ಉತ್ಪರಿವರ್ತನೆಯಿಂದ ಅಲ್ಲವೆಂದು ಹೇಗೆ ಹೇಳುವುದು? ಮರುದಿನ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು, ಎದ್ದದ್ದು ಬೆರೆಸಿದ ತಟ್ಟೆಯಲ್ಲಿ ಮಾತ್ರ.

ನಂಜನಗೂಡಿನಿಂದ ಬರುವ ಹುಡುಗಿಯೊಬ್ಬಳು ಅಷ್ಟಕ್ಕೆ ಒಪ್ಪಲಿಲ್ಲ. “ಸತ್ತ ಕೋಶದಿಂದ ಸೋರಿದ ಡಿಎನ್‌ಎಯನ್ನು ಇನ್ನೊಂದು ಹೀರಿಕೊಂಡಿರಬಹುದಲ್ಲವೇ ಮೇಡಂ?” ಎಂದಳು. ಎಂಥ ಒಳ್ಳೆಯ ಪ್ರಶ್ನೆ! 1928ರಲ್ಲಿ ಬ್ರಿಟಿಷ್ ವಿಜ್ಞಾನಿ ಗ್ರಿಫಿತ್ ಅವರ ನ್ಯುಮೋನಿಯಾ ಬ್ಯಾಕ್ಟೀರಿಯಾಗಳಲ್ಲಿ ಆದದ್ದು ಅದೇ: ಸತ್ತ ಮಾರಕ ತಳಿಯ ಗುಣವನ್ನು ಜೀವಂತ ಸಾಧು ತಳಿ ಪಡೆದು ಇಲಿಗಳನ್ನು ಕೊಂದಿತ್ತು. ನಾವು ಮಿಶ್ರಣಕ್ಕೆ ಡಿಎನ್‌ಎ ಕತ್ತರಿಸುವ ಕಿಣ್ವ ಸೇರಿಸಿ ಮತ್ತೆ ಮಾಡಿದೆವು. ಕಾಲನಿಗಳು ಬಂದವು. ಕೋಶದ ಹೊರಗಿನ ಡಿಎನ್‌ಎ ಚೂರಾದರೂ ಜೀನ್ ದಾಟಿತ್ತು, ಅಂದರೆ ಕೋಶದಿಂದ ಕೋಶಕ್ಕೆ ನೇರವಾಗಿ.

ಜೀನನ್ನು ವೈರಸ್ ಹೊತ್ತು ತರುವ ದಾರಿಯೂ ಇದೆ, ಅದನ್ನು ಪ್ರಯೋಗವಾಗಿ ಮಾಡಿಸುವುದಿಲ್ಲ. ಕಾಲರಾವನ್ನು ಮುಂದಿಟ್ಟು ವಿವರಿಸುತ್ತೇನೆ. ಕಾಲರಾದ ಭೇದಿಗೆ ಕಾರಣ ಒಂದು ವಿಷ ಎಂದು 1959ರಲ್ಲಿ ಕೋಲ್ಕತ್ತಾದಲ್ಲಿ ವಿಜ್ಞಾನಿ ಶಂಭುನಾಥ್ ಡೇ ತೋರಿಸಿಕೊಟ್ಟರು. ಆ ವಿಷದ ಜೀನ್ ಬ್ಯಾಕ್ಟೀರಿಯಾದ್ದಲ್ಲ, ಅದರೊಳಗೆ ಸೇರಿಕೊಂಡ ವೈರಸ್ಸಿನದು ಎಂದು ತಿಳಿದದ್ದು 1996ರಲ್ಲಿ. ಆ ವೈರಸ್ ಒಳಹೋಗಲು ಹಿಡಿಯುವ, ಬ್ಯಾಕ್ಟೀರಿಯಾದ ಮೈಮೇಲಿನ ಎಳೆ ಇದೆಯಲ್ಲ, ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆಯೂರಲು ಬಳಸುವುದೂ ಅದನ್ನೇ! ಕರುಳಿನಲ್ಲಿ ಬಾಳಬಲ್ಲ ಬ್ಯಾಕ್ಟೀರಿಯಾಕ್ಕೇ ವಿಷವೂ ಸಿಗುತ್ತದೆ. ವಿಷದಿಂದ ಭೇದಿ, ಭೇದಿಯಿಂದ ನೀರಿಗೆ, ನೀರಿನಿಂದ ಮತ್ತೊಬ್ಬರ ಹೊಟ್ಟೆಗೆ. ವಿಕಾಸವನ್ನು ಕಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಪ್ರಯೋಗ ಮಾಡಿಸುವವರಿಗೆ ಒಂದು ಮಾತು. ತಟ್ಟೆ, ಕೊಳವೆಗಳನ್ನು ತೊಳೆಯುವ ಮೊದಲು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬ್ಯಾಕ್ಟೀರಿಯಾ ಸಾಯಿಸಿ. ಜೀವಂತ ತಳಿ ಸಿಂಕಿನಿಂದ ಮೋರಿ ಸೇರಿದರೆ ಆ ಪ್ಲಾಸ್ಮಿಡ್ ಅಲ್ಲಿನ ಬ್ಯಾಕ್ಟೀರಿಯಾಗಳಿಗೂ ದಾಟಬಹುದು. ಮಂಡ್ಯದ ರೈಲಿಗೆ ಹೊತ್ತಾಯಿತೆಂದು ಮಕ್ಕಳು ಅವಸರಪಟ್ಟರೆ ಅವರನ್ನು ಕಳುಹಿಸಿ, ಆ ಕೆಲಸವನ್ನು ನಾನೇ ಮುಗಿಸುತ್ತೇನೆ.