ಪೋಸ್ಟ್‌ಗಳನ್ನು ಪಾಠಕ್ಕೆ ತರುವ ಮುನ್ನ: ಹೆಸರು ತೆಗೆಯುವ ನನ್ನ ಕ್ರಮ

ಸೋಷಿಯಲ್ ಮೀಡಿಯಾದ ಬರಹಗಳನ್ನಿಟ್ಟುಕೊಂಡು ಡಿಜಿಟಲ್ ಹ್ಯುಮಾನಿಟೀಸ್ (ಕಂಪ್ಯೂಟರ್ ಬಳಸಿ ಭಾಷೆ, ಸಾಹಿತ್ಯ, ಸಮಾಜವನ್ನು ಓದುವ ವಿಷಯ) ಪಾಠ ಮಾಡುವಾಗ ನಾನು ಮೊದಲು ತೆರೆಯುವುದು ಖಾಲಿ ಸ್ಪ್ರೆಡ್‌ಶೀಟ್. ವಿಶ್ಲೇಷಣೆಯ ಟೂಲ್‌ನ ಸರದಿ ಬಹಳ ಆಮೇಲೆ. ಶೀಟ್‌ನಲ್ಲಿ ನಾಲ್ಕೇ ಕಾಲಂ: ಕ್ರಮಸಂಖ್ಯೆ, ತಿಂಗಳು ಮತ್ತು ವರ್ಷ, ಬರೆದವರ ಸಂಕೇತ, ಬರಹ. ಪ್ರೊಫೈಲ್ ಲಿಂಕ್, ಊರು, ಫೋಟೊ ಯಾವುದನ್ನೂ ಇಳಿಸಿಕೊಳ್ಳುವುದಿಲ್ಲ. ಬೇಡದ್ದನ್ನು ಆಮೇಲೆ ಅಳಿಸಿದರಾಯಿತು ಎಂದು ಎಲ್ಲವನ್ನೂ ತಂದುಕೊಂಡರೆ, ಅಳಿಸುವ ಹೊತ್ತಿಗೆ ಅದರ ಪ್ರತಿಗಳು ವಿದ್ಯಾರ್ಥಿಗಳ ಫೋನು, ಮೇಲ್, ಕ್ಲೌಡ್ ಬ್ಯಾಕಪ್‌ಗಳಿಗೆಲ್ಲ ಹಬ್ಬಿರುತ್ತವೆ.

ವಾಟ್ಸ್‌ಆ್ಯಪ್ ಗುಂಪಿನ ಮಾತುಕತೆ ಬೇಕಿದ್ದರೆ ಗುಂಪಿನ ಎಲ್ಲರ ಒಪ್ಪಿಗೆ ಬೇಕು. ಅಡ್ಮಿನ್ ಒಬ್ಬರ ಒಪ್ಪಿಗೆ ಸಾಲದು. ಎಕ್ಸ್‌ಪೋರ್ಟ್ ಮಾಡುವಾಗ ಮೀಡಿಯಾ ಬೇಡ ಎಂಬುದನ್ನೇ ಆರಿಸುತ್ತೇನೆ. ಸಿಗುವ ಟೆಕ್ಸ್ಟ್ ಫೈಲಿನಲ್ಲಿ ಪ್ರತಿ ಸಂದೇಶದ ಮುಂದೆ ದಿನಾಂಕ, ಸಮಯ, ಹೆಸರು ಇರುತ್ತವೆ. ಇವನ್ನು ತೆಗೆಯುವುದು ಸುಲಭ. ಕಷ್ಟವಿರುವುದು ಸಂದೇಶದ ಒಳಗೆ, ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಲ್ಲಿ. ‘ಸುಮಾ’ ಎಂದು ಹುಡುಕಿದರೆ ‘ಸುಮಳಿಗೆ’, ‘ಸುಮಕ್ಕ’ ತಪ್ಪಿಸಿಕೊಳ್ಳುತ್ತವೆ, ‘ಸುಮಾರು’ ಸಿಕ್ಕಿಬೀಳುತ್ತದೆ. ‘ಸುಮ’ ಎಂದು ಹುಡುಕಿದರೆ ‘ಸುಮ್ಮನೆ’ ಕೂಡ ಬರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಗುಂಡಿಯನ್ನು ಮುಟ್ಟಬಾರದು. ಪ್ರತಿ ಹೆಸರಿನ ಬುಡವನ್ನಷ್ಟೇ ಹುಡುಕಿ, ಒಂದೊಂದೇ ಕಡೆ ನೋಡಿ ಬದಲಿಸುತ್ತೇನೆ. ಅಡ್ಡಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರುಗಳಿಗೆ ಬೇರೆ ಸುತ್ತು.

ಹೆಸರಿನ ಬದಲು ‘ವ1’, ‘ವ2’ ಎಂದು ಹಾಕುವಾಗ ಕ್ರಮವನ್ನು ಕಲಸಬೇಕು. ಅಕಾರಾದಿಯಲ್ಲಿ ಕೊಟ್ಟರೆ ಊಹಿಸಬಹುದು. ಫೋನ್ ನಂಬರನ್ನು ಹ್ಯಾಶ್ ಮಾಡಿದರೆ, ಅಂದರೆ ಸೂತ್ರವೊಂದರಿಂದ ಗುರುತು ಸಿಗದ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸಿದರೆ, ಸಾಕು ಎಂದು ಹಲವರು ನಂಬುತ್ತಾರೆ. ಹತ್ತು ಅಂಕಿಗಳಿಂದ ಆಗುವುದು ಹೆಚ್ಚೆಂದರೆ 1000 ಕೋಟಿ ನಂಬರು. ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಈಗಿನ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ.

ಹೆಸರು ಹೋದರೂ ವ್ಯಕ್ತಿ ಉಳಿಯಬಹುದು. 2006ರಲ್ಲಿ ಅಮೆರಿಕದ ಇಂಟರ್ನೆಟ್ ಕಂಪನಿ ಎಒಎಲ್ ಸುಮಾರು 6.5 ಲಕ್ಷ ಬಳಕೆದಾರರ ಹುಡುಕಾಟದ ದಾಖಲೆಯನ್ನು ಹೆಸರಿಗೆ ಬದಲು ಸಂಖ್ಯೆ ಕೊಟ್ಟು ಬಿಡುಗಡೆ ಮಾಡಿತ್ತು. ಹುಡುಕಿದ ಪದಗಳ ಜಾಡು ಹಿಡಿದೇ ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಅವರಲ್ಲೊಬ್ಬರ ಮನೆ ತಲುಪಿದರು. ಸಾರ್ವಜನಿಕ ಪೋಸ್ಟ್ ಇನ್ನೂ ಸುಲಭ: ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ ಬರೆದವರ ಪುಟವೇ ತೆರೆದುಕೊಳ್ಳಬಹುದು. ಅದಕ್ಕೇ ಸ್ಲೈಡ್‌ನಲ್ಲಿ ಮೂಲ ವಾಕ್ಯ ಹಾಕುವುದಿಲ್ಲ. ಮಾತು ಬದಲಿಸಿ ಬರೆದು, ಅದನ್ನೂ ಒಮ್ಮೆ ಹುಡುಕಿ ನೋಡಿ, ಮೂಲ ಸಿಗದಿದ್ದರೆ ಮಾತ್ರ ಬಳಸುತ್ತೇನೆ.

ಫೋಟೊ ಸೇರಿಸಲೇಬೇಕಾದಾಗ ಎಕ್ಸಿಫ್ ಮಾಹಿತಿ, ಅಂದರೆ ಫೋಟೊ ಫೈಲಿನೊಳಗೆ ಅಡಗಿರುವ ವಿವರ, ಅಳಿಸಬೇಕು. ತೆಗೆದ ಹೊತ್ತು, ಫೋನಿನ ಮಾಡೆಲ್, ಲೊಕೇಶನ್ ಆನ್ ಇದ್ದರೆ ಅಕ್ಷಾಂಶ-ರೇಖಾಂಶ ಎಲ್ಲ ಅದರಲ್ಲಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೇ ಕಳಿಸಿದರೆ ಲೊಕೇಶನ್ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಇದನ್ನು ಅಳಿಸಲು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸುವವರು ಗಮನಿಸಿ: ಬೇರೆ ಆದೇಶ ಕೊಡದಿದ್ದರೆ ಅದು ಮೂಲ ಫೈಲನ್ನು ಅದೇ ಫೋಲ್ಡರಿನಲ್ಲಿ ಇನ್ನೊಂದು ಹೆಸರಲ್ಲಿ ಉಳಿಸಿಡುತ್ತದೆ. ಫೋಲ್ಡರನ್ನೇ ಹಂಚಿದರೆ ಅಳಿಸಿದ್ದೆಲ್ಲ ವ್ಯರ್ಥ.

ಇಷ್ಟಾದ ಮೇಲೆ, ಪಠ್ಯದ ಪದಗಳನ್ನು ಎಣಿಸಿ ತೋರಿಸುವ ವೊಯಾಂಟ್ ಟೂಲ್ಸ್. ಬ್ರೌಸರಿನಲ್ಲಿ ಬಳಸಿದರೆ ಪಠ್ಯ ಅವರ ಸರ್ವರಿಗೆ ಹೋಗುತ್ತದೆ, ಲಿಂಕ್ ಸಿಕ್ಕವರು ನೋಡಬಹುದು. ಖಾಸಗಿ ಮಾತುಕತೆಗೆ ನಮ್ಮದೇ ಕಂಪ್ಯೂಟರಿನಲ್ಲಿ ಓಡುವ ವೊಯಾಂಟ್ ಸರ್ವರ್ ಆವೃತ್ತಿಯೇ ಸರಿ. ಫೈಲು ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿರಲಿ, ಹಳೆಯ ನುಡಿ ಫಾಂಟಿನ ಬರಹವನ್ನು ಮೊದಲು ಯೂನಿಕೋಡಿಗೆ ತಿರುಗಿಸಿಕೊಳ್ಳಿ. ‘ಮನೆ’, ‘ಮನೆಗೆ’, ‘ಮನೆಯಲ್ಲಿ’ ಮೂರನ್ನೂ ವೊಯಾಂಟ್ ಬೇರೆ ಬೇರೆ ಪದವೆಂದೇ ಎಣಿಸುವುದರಿಂದ ‘ಮನೆ*’ ಎಂದು (ನಕ್ಷತ್ರದ ಜಾಗದಲ್ಲಿ ಏನು ಬೇಕಾದರೂ ಇರಬಹುದು) ಹುಡುಕಿಸಿ, ‘ಮನೆತನ’ದಂಥವನ್ನು ಕೈಯಾರೆ ಕಳೆಯಬೇಕು. ‘ಮತ್ತು’, ‘ಆದರೆ’, ‘ಎಂದು’ ಮುಂತಾದವನ್ನು ಬಿಡುವ ಪದಗಳ ಪಟ್ಟಿಗೆ ನಾನೇ ಸೇರಿಸುತ್ತೇನೆ.

ವೊಯಾಂಟ್‌ನಲ್ಲಿ ಪದದ ಅಕ್ಕಪಕ್ಕದ ಮಾತು ತೋರಿಸುವ ಕಿಟಕಿಯನ್ನು ಪಾಠಕ್ಕೂ ಮೊದಲು ತಪಾಸಣೆಗೆ ಬಳಸುವುದು ನನ್ನ ರೂಢಿ. ‘*ಣ್ಣ’, ‘*ಕ್ಕ’, ‘ಸರ್’, ‘ಮೇಡಂ’ ಎಂದು ಹುಡುಕಿದರೆ ಕಣ್ತಪ್ಪಿದ ಹೆಸರುಗಳು ಅಲ್ಲೇ ಎಡಬಲದಲ್ಲಿ ಕಾಣಸಿಗುತ್ತವೆ. ಸಿಕ್ಕಿದ್ದನ್ನು ಮೂಲ ಶೀಟ್‌ನಲ್ಲೇ ತಿದ್ದಿ, ಮತ್ತೆ ಲೋಡ್ ಮಾಡಿ, ಆ ಫೈಲನ್ನಷ್ಟೇ ವಿದ್ಯಾರ್ಥಿಗಳಿಗೆ ಕೊಡುತ್ತೇನೆ.