ಹದಿನಾರು ಮಾತ್ರೆ, ಒಂದು ಹಲಗೆ: ರಾಯಚೂರಿನಲ್ಲಿ ರ‍್ಯಾಪ್ ರಾಕ್ ಆಲ್ಬಂ ಮಾಡಿದ ನನ್ನ ಅನುಭವ

ರ‍್ಯಾಪ್ ರಾಕ್ ಆಲ್ಬಂ ಮಾಡುತ್ತೇವೆ ಎಂದಾಗ ಎಲ್ಲರೂ ಕೇಳಿದ್ದು ಗಿಟಾರ್ ಯಾವುದು, ಮೈಕ್ ಯಾವುದು ಎಂದು. ರಾಕ್ ವಾದ್ಯಗಳ ಅಬ್ಬರದ ಮೇಲೆ ತಾಳಕ್ಕೆ ಸರಿಯಾಗಿ ಮಾತು ಹೇಳುವ ಸಂಗೀತ ಇದು. ನಮ್ಮ ತಂಡದಲ್ಲಿ ಪದ ಕಟ್ಟುವುದು, ಹಾಡುವುದು, ಕೊನೆಗೆ ಮಿಕ್ಸಿಂಗ್, ಅಂದರೆ ಎಲ್ಲರ ಸದ್ದನ್ನು ಹದವಾಗಿ ಬೆರೆಸುವುದು ನನ್ನ ಪಾಲು. ಹಾಗಾಗಿ ನನ್ನ ತಲೆನೋವೇ ಬೇರೆ: ಇಷ್ಟು ಗದ್ದಲದ ನಡುವೆ ಕನ್ನಡದ ಮಾತು ಎಲ್ಲಿ ನಿಲ್ಲಬೇಕು? ಎಂಟು ಹಾಡು ಮುಗಿಯುವವರೆಗೆ ನಾವು ಮಾಡಿದ್ದೆಲ್ಲ ಮಾತಿಗೆ ಜಾಗ ಬಿಡಿಸುವ ಕೆಲಸವೇ.

ಈ ಪ್ರಕಾರ ಮನೆಮಾತಾದದ್ದು 1986ರಲ್ಲಿ, ನ್ಯೂಯಾರ್ಕಿನ ರ‍್ಯಾಪ್ ತಂಡ ರನ್ ಡಿಎಂಸಿ, ಏರೋಸ್ಮಿತ್ ತಂಡದ ಹಳೆಯ ರಾಕ್ ಹಾಡೊಂದನ್ನು ಅವರೊಂದಿಗೇ ಮತ್ತೆ ಹಾಡಿದಾಗ. 1992ರಲ್ಲಿ ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಮೊದಲ ಆಲ್ಬಂ ಬಂತು. ಸ್ಯಾಂಪಲ್ (ಬೇರೆ ಧ್ವನಿಮುದ್ರಣದಿಂದ ಕತ್ತರಿಸಿ ತಂದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲ ಎಂದು ಅದರ ಮೇಲೆಯೇ ಅಚ್ಚು ಹಾಕಿದ್ದರು. ಡಿಜೆ ಗ್ರಾಮಫೋನ್ ತಟ್ಟೆ ಉಜ್ಜುವ ಸದ್ದನ್ನು ಆ ತಂಡದ ಟಾಮ್ ಮೊರೆಲ್ಲೋ ಗಿಟಾರಿನಲ್ಲೇ ಹೊರಡಿಸಿದ್ದ. 2000ದಲ್ಲಿ ಮೊದಲ ಆಲ್ಬಂ ತಂದ ಲಿಂಕಿನ್ ಪಾರ್ಕ್ ತಂಡದ ದಾರಿ ಬೇರೆ. ಅಲ್ಲಿ ಡಿಜೆಯೂ ಉಂಟು, ಸ್ಯಾಂಪಲ್ಲೂ ಉಂಟು. ನನ್ನ ಒಲವು ರೇಜ್ ತಂಡದ ದಾರಿಯ ಕಡೆಗೆ. ಕೈಯಿಂದ ಹುಟ್ಟುವ ಸದ್ದು ಊರಿನಲ್ಲೇ ಇರುವಾಗ ಕಂಪ್ಯೂಟರಿನಿಂದ ಎರವಲು ಏಕೆ?

ಮೊದಲು ಲಯ. ನಮ್ಮ ಹೆಚ್ಚಿನ ಹಾಡುಗಳ ವೇಗ ನಿಮಿಷಕ್ಕೆ 92 ಪೆಟ್ಟು. ನಾಲ್ಕು ಪೆಟ್ಟಿನ ಒಂದು ಆವರ್ತಕ್ಕೆ ಸುಮಾರು 2.6 ಸೆಕೆಂಡು. ಒಂದೊಂದು ಪೆಟ್ಟನ್ನು ನಾಲ್ಕಾಗಿ ಸೀಳಿದರೆ ಹದಿನಾರು ಮನೆಗಳು. ಕಾಗದದ ಮೇಲೆ ಈ ಮನೆಗಳನ್ನು ಗೀಚಿಕೊಂಡು ಕುಳಿತಿದ್ದಾಗ ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಾಯಿತು. ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ಹಂಪಿಯ ವಿರೂಪಾಕ್ಷನನ್ನು ನಂಬಿದ್ದ ಹರಿಹರ ಶಿವಶರಣರ ಕಥೆ ಹೇಳಲು ಹಿಡಿದದ್ದು ರಗಳೆಯನ್ನೇ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಮನೆ ಎಂದು ಇಟ್ಟು ಬರೆದೆ:

ಬಿಸಿಲಿನ ಊರಲಿ ನೆರಳಿಗೆ ಬಾಡಿಗೆ
ಉಸಿರನು ಎಳೆದರೆ ಧೂಳಿನ ಜೋಳಿಗೆ

ಡ್ರಮ್ಸ್ ಮೇಲೆ ಇಟ್ಟಾಗ ಒಂದಕ್ಷರವನ್ನೂ ಎಳೆದಾಡಬೇಕಾಗಲಿಲ್ಲ.

ಪ್ರಾಸದ್ದು ಇನ್ನೊಂದು ಕಥೆ. ಇಂಗ್ಲಿಷ್ ರ‍್ಯಾಪ್ ಕೇಳಿ ಬೆಳೆದವರು ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುತ್ತಾರೆ. ಕನ್ನಡದಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಬರುತ್ತೇನೆ, ಹೋಗುತ್ತೇನೆ, ನೋಡುತ್ತೇನೆ ಎಂದು ಹೇಳುತ್ತಾ ಹೋದರೆ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕದ್ದನ್ನು ಕೇಳುವವನು ಎರಡನೇ ಸಾಲಿಗೇ ಊಹಿಸಿಬಿಡುತ್ತಾನೆ. ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ‘ಬಿಸಿಲು’, ‘ಉಸಿರು’ ಎರಡರಲ್ಲೂ ಎರಡನೆಯದು ಸಕಾರ. ಸಾಲು ಶುರುವಾಗುತ್ತಲೇ ಕಿವಿಗೆ ಬೀಳುವ ಈ ಪ್ರಾಸ ಮುಂದಿನ ಮಾತಿಗೆ ಒತ್ತು ಕೊಡುತ್ತದೆ. ಆಲ್ಬಂನ ಮುಕ್ಕಾಲು ಪಾಲು ಸಾಲುಗಳನ್ನು ಹೀಗೆಯೇ ಕಟ್ಟಿದೆ.

ಒತ್ತಕ್ಷರದ ಉಪಯೋಗ ಗೊತ್ತಾದದ್ದು ಕಂಪ್ಯೂಟರ್ ಪರದೆಯ ಮೇಲೆ. ‘ಬಿಟ್ಟು’ ಎಂದು ಹಾಡಿದ್ದರ ಧ್ವನಿಗೆರೆಯನ್ನು ದೊಡ್ಡದು ಮಾಡಿ ನೋಡಿದರೆ ‘ಬಿ’ ಒಂದು ಉಬ್ಬು, ನಂತರ ಗೆರೆ ನೇರವಾಗಿ ಮಲಗುತ್ತದೆ, ಆಮೇಲೆ ‘ಟು’ ಸಿಡಿಯುತ್ತದೆ. ನಡುವೆ ನಾಲಿಗೆ ಗಾಳಿಯನ್ನು ತಡೆದು ಹಿಡಿದಿರುವ ಆ ಹೊತ್ತು ಪೂರ್ತಿ ಮೌನ. ಸಿಡಿತವನ್ನು ಸ್ನೇರ್ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಕೂರಿಸಿದೆ. ಪೆಟ್ಟಿನ ಮುಂಚೆ ಕೂದಲೆಳೆಯಷ್ಟು ಮೌನ ಸಿಕ್ಕರೆ ಪೆಟ್ಟು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಕಟ್ಟು, ಸುಟ್ಟ, ಹತ್ತು, ಬಿಕ್ಕು: ಇಂಥ ಪದಗಳನ್ನು ಆಮೇಲೆ ಹುಡುಕಿ ಹುಡುಕಿ ಹಾಕಿದೆ.

ಗಿಟಾರಿನವನೊಂದಿಗೆ ಜಗಳವಾಗದೆ ಇರಲಿಲ್ಲ. ಅವನು ಕೆಳತಂತಿಯನ್ನು ಒಂದು ಸ್ವರ ಇಳಿಸಿ, ಅಂದರೆ ಸೆಕೆಂಡಿಗೆ 82 ಕಂಪನದಿಂದ (ಹರ್ಟ್ಜ್) 73ಕ್ಕೆ ತಂದು, ಒಂದೇ ಬೆರಳಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಹಿಡಿದು ಇಡೀ ಹಾಡಿಗೆ ಬಾರಿಸಬೇಕೆನ್ನುತ್ತಾನೆ. ಬಾರಿಸಿದರೆ ನನ್ನ ವ್ಯಂಜನಗಳೆಲ್ಲ ಅದರಡಿ ಹೂತುಹೋಗುತ್ತವೆ. ಕೊನೆಗೆ ಒಪ್ಪಂದವಾಯಿತು: ನಾನು ಪ್ರತಿ ನಾಲ್ಕನೆಯ ಸಾಲಿನ ಕೊನೆಯ ಗಣವನ್ನು ಖಾಲಿ ಬಿಡುತ್ತೇನೆ. ಅಲ್ಲಿ ನಾನು ಉಸಿರು ತೆಗೆದುಕೊಳ್ಳುವಾಗ ಅವನು ಮನಸೋ ಇಚ್ಛೆ ಬಾರಿಸಲಿ. ಉಳಿದೆಡೆ ತಂತಿಯ ಮೇಲೆ ಅಂಗೈ ಒತ್ತಿ ಮೊಟಕಾಗಿ ಬಾರಿಸಲಿ. ಪಲ್ಲವಿಯಂತೂ ಅವನದೇ. ವ್ಯಂಜನಗಳು ಸ್ಪಷ್ಟವಾಗಿ ಕೇಳಲೆಂದು ಮಿಕ್ಸಿಂಗಿನಲ್ಲಿ ಗಿಟಾರಿನ 2ರಿಂದ 4 ಸಾವಿರ ಹರ್ಟ್ಜ್ ಭಾಗವನ್ನು ಮಾತಿರುವ ಕಡೆ ಸ್ವಲ್ಪ ತಗ್ಗಿಸಿದೆ. ಅದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಹಲಗೆ ಎಂಬ ಚರ್ಮವಾದ್ಯವನ್ನು ಒಮ್ಮೆ ಬಾರಿಸಿ, ಆ ಧ್ವನಿಮುದ್ರಣದ ತುಣುಕನ್ನೇ ಕತ್ತರಿಸಿ ಮತ್ತೆ ಮತ್ತೆ ಸುತ್ತಿಸೋಣ ಎಂಬುದು ಡ್ರಮ್ಮರನ ಸಲಹೆ. ಹಲಗೆ ಬಾರಿಸುವ ಕಾಕಾ ಒಪ್ಪಲಿಲ್ಲ. ‘ತಮ್ಮಾ, ಹಾಡು ಕಾವೇರಿದಂತೆ ಕೈಯೂ ಕಾವೇರಬೇಕು’ ಎಂದರು. ಅವರ ಮಾತೇ ಸರಿ. ಒಂದು ಕೈಯ ದಪ್ಪ ಕೋಲು ಮತ್ತು ಇನ್ನೊಂದು ಕೈಯ ಸಣ್ಣ ಕೋಲಿನ ನಡುವೆ ಆಗುವ ಹಿಂದುಮುಂದು ಪ್ರತಿ ಸುತ್ತಿನಲ್ಲೂ ಬೇರೆ. ಕತ್ತರಿಸಿ ಅಂಟಿಸಿದರೆ ಅದು ಸತ್ತುಹೋಗುತ್ತದೆ. ಇಡೀ ಹಾಡನ್ನು ಒಂದೇ ಬೀಸಿನಲ್ಲಿ ಬಾರಿಸಿದರು. ಕೊನೆಯಲ್ಲಿ ವೇಗ ತುಸು ಏರಿದೆ, ಹಾಗೆಯೇ ಬಿಟ್ಟಿದ್ದೇವೆ. ಮಳೆಗಾಲದಲ್ಲಾದರೆ ಚರ್ಮ ಬಿಗಿಯಾಗಲು ಬೆಂಕಿಗೆ ಹಿಡಿಯಬೇಕು. ನಾವು ಧ್ವನಿಮುದ್ರಣಕ್ಕೆ ಕುಳಿತದ್ದು ಮೇ ತಿಂಗಳಿನಲ್ಲಿ. ಮಾಳಿಗೆಯ ಮೇಲೆ ಅರ್ಧ ಗಂಟೆ ಇಟ್ಟರೆ ಸಾಕು, ಬೆಂಕಿಯ ಕೆಲಸವನ್ನು ಬಿಸಿಲೇ ಮಾಡುತ್ತಿತ್ತು.

ಅದೇ ಬಿಸಿಲು ನಮ್ಮನ್ನೂ ಬೇಯಿಸಿತು ಅನ್ನಿ. ಬಾಡಿಗೆ ಮನೆಯ ಕೋಣೆಯ ಗೋಡೆಗಳಿಗೆ ಕೌದಿಗಳನ್ನು ನೇತುಹಾಕಿದ್ದೆವು. ಪ್ರತಿಧ್ವನಿ ಹೀರಲು ಅದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ. ಫ್ಯಾನ್ ಹಾಕಿದರೆ ಸದ್ದು, ಕಿಟಕಿ ತೆರೆದರೆ ಆಟೋ. ರಾತ್ರಿ ಹನ್ನೊಂದರ ಮೇಲೆಯೇ ಹಾಡುತ್ತಿದ್ದೆ.

ಪಲ್ಲವಿಗಳ ಜಾಡು ಮೊಹರಂನ ರಿವಾಯತ್ ಹಾಡುಗಳದ್ದು. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಪ್ರವಾದಿಯ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಮೇಳದಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಮುಮ್ಮೇಳ ಬಿಟ್ಟ ಮಾತನ್ನು ಹಿಮ್ಮೇಳ ಹಿಡಿಯುತ್ತದೆ. ಅವರ ಧಾಟಿಯನ್ನು ನಾವು ಮುಟ್ಟಲಿಲ್ಲ, ಅದು ಭಕ್ತಿಯ ವಸ್ತು. ಮಾತು ಕೈಬದಲಾಗುವ ರೀತಿಯನ್ನಷ್ಟೇ ಕಲಿತೆವು.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದದ ಬಗ್ಗೆ ಹೇಳುವುದು ಕಡಿಮೆ. ಸ್ಪಾಟಿಫೈನಂಥ ವೇದಿಕೆ ತಾನೇ ಸದ್ದನ್ನು ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತರುತ್ತದೆ, ಆದ್ದರಿಂದ ಕಿವಿ ಹರಿಯುವಷ್ಟು ಏರಿಸುವುದರಲ್ಲಿ ಅರ್ಥವಿಲ್ಲ. ನಮ್ಮ ಕಡೆ ಹಾಡು ಕೇಳುವುದು ಮೊಬೈಲಿನಲ್ಲೇ. ಅದರ ಪುಟ್ಟ ಸ್ಪೀಕರಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಬೇಸಿಗೆ ತುಸು ಒರಟುತನ ಬೆರೆಸಿದಾಗ ಮೇಲಿನ ಸ್ವರಾಂಶಗಳು ಎದ್ದು, ಕಿವಿ ಉಳಿದದ್ದನ್ನು ತಾನೇ ತುಂಬಿಕೊಂಡಿತು.

ಕೊನೆಯ ಹಾಡಿಗೆ ಮಾತ್ರ ಹದಿನಾರರ ಲೆಕ್ಕ ಬಿಟ್ಟು ಭಾಮಿನಿ ಷಟ್ಪದಿ ಹಿಡಿದೆವು. ಮೂರು, ನಾಲ್ಕು, ಮೂರು, ನಾಲ್ಕು: ಹದಿನಾಲ್ಕು ಮಾತ್ರೆ. ರಾಕ್‌ನವರ ಭಾಷೆಯಲ್ಲಿ ಏಳರ ತಾಳ. ತೊಡಕಿರುವುದು ಮೂರನೆಯ ಮತ್ತು ಆರನೆಯ ಸಾಲಿನಲ್ಲಿ. ಅಲ್ಲಿ ಮೂರು ಸಲ ಏಳು, ಮೇಲೊಂದು ಗುರು, ಒಟ್ಟು ಇಪ್ಪತ್ತಮೂರು. ಡ್ರಮ್ಮರ್ ಕೋಲು ಕೆಳಗಿಟ್ಟು ಕೈಮುಗಿದ. ಗಮಕಿಗಳು ಕೊನೆಯ ಗುರುವನ್ನು ಎಳೆದು ಹಾಡುವುದು ಆಗ ನೆನಪಾಯಿತು. ಅದನ್ನು ಏಳು ಮನೆಗಳವರೆಗೆ ಎಳೆದರೆ ಇಪ್ಪತ್ತೆಂಟು, ಅಂದರೆ ಸರಿಯಾಗಿ ಎರಡು ಆವರ್ತ. ಎಳೆಯುವ ಬದಲು ಆ ಅಕ್ಷರವನ್ನು ಕೂಗಿದೆ, ಗಿಟಾರ್ ಪೂರ್ತಿ ತೆರೆದುಕೊಂಡಿತು. ಈಗ ವೇದಿಕೆಯಲ್ಲಿ ಹುಡುಗರು ಕಾಯುವುದು ಆ ಕೂಗಿಗೇ.