ಕನ್ನಡದಾಗ ಬರದು ಎಲ್‌ಎಲ್‌ಬಿ ಪಾಸಾದೆ, ಖರ್ಚಿನ ಲೆಕ್ಕದ ಸಮೇತ

"ಸಾಹೇಬ್ರ, ಈ ಸಲ ಪೇಪರ್ ಪೂರಾ ಕನ್ನಡದಾಗ ಬರೀತೀನ್ರಿ" ಅಂದಾಗ ನಮ್ಮ ವಕೀಲ ಸಾಹೇಬ್ರು ಚಸ್ಮಾ ತಗದು ಟೇಬಲ್ ಮ್ಯಾಲಿಟ್ಟು, "ಲೇ, ಕೈಫಿಯತ್ (ದಾವೆಕ್ಕ ಪ್ರತಿವಾದಿ ಕೊಡೂ ಉತ್ತರ) ಟೈಪ್ ಮಾಡೂದು ಬ್ಯಾರೆ, ಕಾಯ್ದೆ ಓದೂದು ಬ್ಯಾರೆ" ಅಂದಿದ್ರು. ಗದಗಿನ್ಯಾಗ ಅವರ ಕಡೆ 11 ವರ್ಷ ಗುಮಾಸ್ತಕಿ ಮಾಡೀನಿ, ಅವರ ಮಾತು ತಗದು ಹಾಕಿದವ ಅಲ್ಲ. ಆದ್ರ ಅಷ್ಟೊತ್ತಿಗೆ ಇಂಗ್ಲಿಷಿನ್ಯಾಗ ಬರದು ಎರಡು ಪೇಪರ್ ಮಲಗಿಸಿ ಬಂದಿದ್ದೆ, ಇನ್ನ ಹೋಗೂದರ ಏನಿತ್ತು. ಈಗ ಸನದು, ಅಂದ್ರ ವಕೀಲಿ ಮಾಡೂ ಪರವಾನಗಿ, ಕೈಯಾಗ ಐತಿ, ಆಗ ನಕ್ಕವರಾ ಫೋನ್ ಮಾಡಿ ಹೆಂಗ ಮಾಡಿದ್ರಿ ಅಂತ ಕೇಳಾಕತ್ತಾರ, ಹೇಳಿ ಹೇಳಿ ಬಾಯಿ ಒಣಗೇತಿ, ಅದಕ್ಕ ಬರಿಯಾಕತ್ತೀನಿ.

2022ರಾಗ ಸೇರಿದಾಗ ನನ್ನ ಬಿಎ ಮಾರ್ಕ್ಸ್ 47 ಪರ್ಸೆಂಟ್. ಜನರಲ್‌ನವರಿಗೆ 45 ಬೇಕು, ಎರಡು ಮಾರ್ಕ್ಸಿನ ಮ್ಯಾಲೆ ಜೀವ ಹಿಡಕೊಂಡು ಅರ್ಜಿ ಹಾಕಿದವ ನಾನು. ಅದಕ್ಕಿಂತ ಮೊದಲು ಒಬ್ಬ ಏಜೆಂಟ್ ಸಿಕ್ಕಿದ್ದ, 45,000 ಕೊಡು, ಕ್ಲಾಸಿಗೂ ಬರಬ್ಯಾಡ ಏನೂ ಬ್ಯಾಡ, ಅಟೆಂಡೆನ್ಸ್ ನಾ ನೋಡ್ಕೋತೀನಿ ಅಂದ. 5,000 ಅಡ್ವಾನ್ಸ್ ಕೊಟ್ಟೂಬಿಟ್ಟೆ, ಅದು ಇವತ್ತಿನ ತನಕ ವಾಪಸ್ ಬಂದಿಲ್ಲ, ವಕೀಲರ ಗುಮಾಸ್ತ ಆಗಿ ಒಂದು ರಸೀದಿ ಬರಸ್ಕೊಳ್ಳಲಿಲ್ಲ ನೋಡ್ರಿ, ನನಗಿಂತ ಹುಚ್ಚರು ಯಾರು. ಆಮ್ಯಾಲೆ ಧಾರವಾಡದಾಗ ಕಡಿಮಿ ಫೀದ ಕಾಲೇಜಿನ್ಯಾಗ ಸೀಟು ಸಿಕ್ತು. ಮೂರು ವರ್ಷದ ಫೀ ಎಲ್ಲಾ ಕೂಡಿ 30,000ದ ಆಸುಪಾಸು. ನಮ್ಮಕ್ಕನ ಮಗ ಕ್ಲಾಟ್ (ದೊಡ್ಡ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ) ಕೋಚಿಂಗಿಗೇ ಅದರ ಮೂರು ಪಟ್ಟು ಸುರದಾನ, ಸೀಟು ಸಿಕ್ಕಿದ್ರ ಮತ್ತ ವರ್ಷಕ್ಕ ಲಕ್ಷದ ಲೆಕ್ಕ.

70 ಪರ್ಸೆಂಟ್ ಅಟೆಂಡೆನ್ಸ್ ಬೇಕಾ ಬೇಕಿತ್ತು, ಅದಕ್ಕ ನಾ ಮುಂಜಾನೆ ಗದಗಿನಿಂದ ಟ್ರೇನ್, ಕ್ಲಾಸ್ ಮುಗಿಸಿ ಸಂಜಿಮುಂದ ವಾಪಸ್ ಬಂದು ರಾತ್ರಿ 9ರ ತನಕ ಆಫೀಸು. ಪಗಾರ 11,000 ಇದ್ದದ್ದು 6,500 ಆತು. ಮಂದಿ ಫೀ ಅಷ್ಟಾ ಹೇಳ್ತಾರ, ಹಿಂಗ ಕಡಿಮಿ ಆದ ಪಗಾರ ಯಾರೂ ಲೆಕ್ಕ ಹಿಡಿಯಂಗಿಲ್ಲ. ಮೂರು ವರ್ಷಕ್ಕ ಅದಾ ಒಂದೂವರಿ ಲಕ್ಷ ದಾಟ್ತತಿ, ಮನಿಯಾಕಿ ಹೊಲಿಗಿ ಮಷೀನ್ ಇರಲಿಲ್ಲಂದ್ರ ಈ ಕಥಿನಾ ಇಲ್ಲ.

ಮೊದಲ ಸೆಮ್ಮಿನ್ಯಾಗ ಎಲ್ಲಾರೂ ಮಾಡಿದ್ದಾ ಮಾಡಿದೆ. ಗೈಡ್ ತಗೊಂಡೆ, 1,800ರ ತನಕ ಹೋತು, ಇಂಗ್ಲಿಷಿನ್ಯಾಗ ಇದ್ದಂಗ ಬಾಯಿಪಾಠ. ಪೇಪರಿನ್ಯಾಗ ಪ್ರಶ್ನಿ ಒಂದೀಟು ತಿರಿವಿ ಕೇಳಿದ್ರು, ಬಾಯಿಪಾಠದ ದಾರ ಹರೀತು, ನಡುವ ಕನ್ನಡ ಸೇರಿಸಿ ಬರದೆ, ಅದು ಆ ಕಡಿನೂ ಇಲ್ಲ ಈ ಕಡಿನೂ ಇಲ್ಲ. 80ಕ್ಕ ಕಾಂಟ್ರ್ಯಾಕ್ಟ್ (ಕರಾರಿನ ಕಾಯ್ದೆ) 23, ಟಾರ್ಟ್ (ಒಬ್ಬರಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಸೂ ಕಾಯ್ದೆ) 27. ರಿವ್ಯಾಲ್ಯುವೇಶನ್‌ಗೆ ರೊಕ್ಕ ಕಟ್ಟಿದೆ, ಎರಡು ಮಾರ್ಕ್ಸ್ ಏರಿದ್ವು, ಆ ಎರಡು ಮಾರ್ಕ್ಸಿನ ರೇಟ್ ಕೇಳಬ್ಯಾಡ್ರಿ.

ಒಂದು ರಾತ್ರಿ ಆಫೀಸಿನ್ಯಾಗ ಆ ಪ್ರಶ್ನೆಪತ್ರಿಕಿ ಮುಂದ ಇಟ್ಕೊಂಡು ಕುಂತಿದ್ದೆ. ಮ್ಯಾಲಿನ ಸೂಚನಾ ನಾವ್ಯಾರೂ ಓದಂಗಿಲ್ಲ. ಉತ್ತರ ಪೂರ್ತಿ ಇಂಗ್ಲಿಷಿನ್ಯಾಗರ ಇಲ್ಲಾ ಪೂರ್ತಿ ಕನ್ನಡದಾಗರ ಬರೀಬೇಕು ಅಂತ ಅಚ್ಚು ಹಾಕ್ಯಾರ. ಪೂರ್ತಿ! ನಾ ಖಿಚಡಿ ಮಾಡಿಟ್ಟಿದ್ದೆ. ಅವತ್ತಾ 200 ಪೇಜಿನ ಒಂದು ಲಾಂಗ್‌ಬುಕ್ ತಗೊಂಡು ಮ್ಯಾಲೆ 'ಖಟ್ಲೆ ವಹಿ' ಅಂತ ಬರದೆ.

ವಹಿ ಕೆಲಸ ಇಷ್ಟಾ. ಎಡಕ್ಕ ಸೆಕ್ಷನ್ ನಂಬರು, ಬೇರ್ ಆಕ್ಟಿನ (ವಿವರಣಾ ಇಲ್ದ ಬರೇ ಕಾಯ್ದೆ ಇರೂ ಪುಸ್ತಕದ) ಮಾತು ನನ್ನ ಕನ್ನಡದಾಗ ಎರಡು ಸಾಲು. ಬಲಕ್ಕ ನಮ್ಮ ಕಡೆ ಆಗೂವಂಥಾ ಒಂದು ತಂಟೆ, ಫಿರ್ಯಾದಿ ಬರದಂಗ, ಹೆಸರಿಲ್ದ. ಅದರ ಕೆಳಗ ಒಂದು ಲೀಡಿಂಗ್ ಕೇಸ್. ಬರದಮ್ಯಾಲೆ ನಮ್ಮವ್ವಗ ಹೇಳೂದು. ಅಕಿ ಎರಡನೇ ಇಯತ್ತೆ ಓದ್ಯಾಳ, ಅಕಿಗೆ ತಿಳೀಲಿಲ್ಲಂದ್ರ ಪೇಜು ಹರದು ಮತ್ತ ಬರಿಯೂದು.

ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್, 1868, ಇಂಗ್ಲೆಂಡಿನ ಹಳೇ ಖಟ್ಲೆ, ಕಾಯ್ದೆ ಓದಿದ ಎಲ್ಲಾರಿಗೂ ಗೊತ್ತದ. ನಾ ಅವ್ವಗ ಹೇಳಿದ್ದು ಕೃಷಿ ಹೊಂಡದ ಮ್ಯಾಲೆ. ಒಬ್ಬಾಂವ ಹೊಲದಾಗ ಜೆಸಿಬಿಯವಗ ಗುತ್ತಿಗಿ ಕೊಟ್ಟು ಹೊಂಡ ತಗಸಿದ, ನೀರು ತುಂಬಿಸಿದ, ದಂಡಿ ಒಡದು ಬಾಜೂ ಹೊಲದ ಉಳ್ಳಾಗಡ್ಡಿ ಎಲ್ಲಾ ಹೋತು, ಅವಂದೇನ್ ತಪ್ಪು ಅಂತ ಕೇಳಿದೆ. ಅವ್ವ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ. "ತಪ್ಪಿರಲಿ ಬಿಡಲಿ, ನೀರು ಕೂಡಿ ಹಾಕಿದಾಂವ ಯಾರು? ಅವನಾ ಕೊಡಬೇಕು" ಅಂದ್ಲು. ಗೈಡಿನ್ಯಾಗ ನಾಕು ಪೇಜು ಇತ್ತು ಇದು. ಮ್ಯಾಲೆ ತಾನಾ, "ಆದ್ರ ದ್ಯಾವರ ಮಳಿ ಬಂದು ಒಡದ್ರ ಪಾಪ ಅಂವರ ಏನ್ ಮಾಡ್ಯಾನು" ಅಂದ್ಲು. ನಿಕೋಲ್ಸ್ ವರ್ಸಸ್ ಮಾರ್ಸ್‌ಲ್ಯಾಂಡ್ ತೀರ್ಪು ಅಂದ್ರ ಇದಾ! ಎಕ್ಸೆಪ್ಶನ್‌ನೂ ಅಕಿನಾ ಹೇಳಿದಂಗಾತು. ಅಲ್ಲಿಂದ ಸುಪ್ರೀಂ ಕೋರ್ಟಿನ 1986ರ ಎಂ.ಸಿ. ಮೆಹ್ತಾ ತೀರ್ಪಿಗೆ ಬಂದು, ವಿಷದ ಗ್ಯಾಸಿನಂಥಾ ಕಾರ್ಖಾನಿಗೆ ಆ ನೆವಾನೂ ನಡಿಯಂಗಿಲ್ಲ ಅಂದ್ರ ಉತ್ತರ ಮುಗೀತು. ಬ್ಯಾಕ್ ಪೇಪರ್ ಕಟ್ಟಿದಾಗ ಟಾರ್ಟ್ 58, ಕಾಂಟ್ರ್ಯಾಕ್ಟ್ 49ಓ 50ಓ.

ಹಿಂದೂ ಉತ್ತರಾಧಿಕಾರದ ಕಾಯ್ದೆ ಅಂತೂ ನನಗ ಓದೂ ಗರಜಾ ಇರಲಿಲ್ಲ. ನಮ್ಮ ಆಫೀಸಿನ್ಯಾಗ ಅರ್ಧ ಫೈಲು ವಾಟ್ನಿ (ಆಸ್ತಿ ಪಾಲಿನ) ದಾವೆ. ಮಗಳಿಗೂ ಸಮಪಾಲು ಅಂದ 2005ರ ತಿದ್ದುಪಡಿಕ್ಕಿಂತ ಮೊದಲಾ ಅಪ್ಪ ತೀರಿದ್ರ ಮಗಳಿಗೆ ಪಾಲು ಐತೋ ಇಲ್ಲೋ ಅಂತ ಎಷ್ಟು ವರ್ಷ ವಾದ ನಡೀತು, 2020ರಾಗ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಬಂತು, ಹುಟ್ಟಿನಿಂದನಾ ಹಕ್ಕು, ತಿದ್ದುಪಡಿ ಬಂದ ದಿನ ಅಪ್ಪ ಜೀವಂತ ಇರಬೇಕಂತಿಲ್ಲ. ಆ ವಾರ ನಮ್ಮ ಆಫೀಸಿಗೆ ಬಂದ ಹೆಣ್ಣುಮಕ್ಕಳನ್ನ ನೋಡೀನಿ, ಕೈಯಾಗ ಉತಾರ ಹಿಡಕೊಂಡು. ಕ್ಲಾಸಿನ ಮಂದಿ ಒಂದು ಸಂಗತಿ ಬಿಡ್ತಾರ: ಮಗಳಿಗೆ ಪಾಲು ಕೊಡೂ ನಮ್ಮ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದಾನಾ ಇತ್ತು, ಸೆಕ್ಷನ್ 6ಎ. ಅದೊಂದು ಸಾಲು ನಾ ಬಿಡಲಿಲ್ಲ.

ಟೈಮಿನ ಲೆಕ್ಕ ಹೇಳ್ತೀನಿ. ಐದು ಯೂನಿಟ್, ಪ್ರತಿಯೊಂದ್ರಾಗ 10ರದ್ದೊಂದು 6ರದ್ದೊಂದು, ಯೂನಿಟ್ಟಿಗೆ 34-35 ನಿಮಿಷ. ನಾ ಮನ್ಯಾಗ 30 ನಿಮಿಷದ ಅಲಾರಾಂ ಇಟ್ಟು ಬರೀತಿದ್ದೆ, ಯಾಕಂದ್ರ ಹಾಲ್‌ನ್ಯಾಗ ಕೈ ನಡಗೂದಕ್ಕ ಐದು ನಿಮಿಷ ಬೇಕು. 6ರದ್ದು ಪ್ರಾಬ್ಲಮ್ ಇದ್ರ ಮೊದಲು ಅದನ್ನಾ ಹೊಡೀರಿ, ಖಟ್ಲೆ ವಹಿ ಇದ್ದಾಂವಗ ಅದು ಪುಕ್ಕಟ ಮಾರ್ಕ್ಸ್. ಹಳೇ ಪೇಪರಿನ್ಯಾಗಿಂದ ಈ ಸಲ ಬರೂ ಪ್ರಶ್ನಿ ಹೆಂಗ ಆರಿಸ್ತಿದ್ದೆ ಅಂತ ನಮ್ಮ ಕ್ಲಾಸಿನ ಇಬ್ಬರಿಗೆ ಅಷ್ಟಾ ಗೊತ್ತು, ಅದನ್ನ ಇಲ್ಲೆ ಬರಿಯಂಗಿಲ್ಲ, ಸಿಟ್ಟಾಗಬ್ಯಾಡ್ರಿ.

ನಡುವ ಬ್ಯಾರೆ ಹುಚ್ಚಾಟನೂ ಮಾಡೀನಿ. ಸೆಕ್ಷನ್ ಎಲ್ಲಾ ನನ್ನ ದನ್ಯಾಗ ರೆಕಾರ್ಡ್ ಮಾಡಿ ಟ್ರೇನಿನ್ಯಾಗ ಕಿವ್ಯಾಗ ಹಾಕ್ಕೊಂಡೆ, ಹುಲಕೋಟಿ ದಾಟಿದ್ರಾಗ ನಿದ್ದಿ. ಅಣ್ಣಿಗೇರಿಗೆ ಮಂದಿ ಏರೂ ಗದ್ದಲಕ್ಕ ಎಚ್ಚರ ಆಗೂದು, ಅಷ್ಟೊತ್ತಿಗೆ ಕಾಂಟ್ರ್ಯಾಕ್ಟ್ ಮುಗದು ಟಾರ್ಟ್ ನಡದಿರ್ತಿತ್ತು. ಜೆಲ್ ಪೆನ್ನು, ಇಂಕ್ ಪೆನ್ನು, 5 ರೂಪಾಯಿ ಬಾಲ್‌ಪೆನ್ನು ಹಿಡದು ಹತ್ತು ನಿಮಿಷಕ್ಕ ಎಷ್ಟು ಸಾಲು ಬರ್ತಾವು ಅಂತ ಎಣಿಸೀನಿ, 5 ರೂಪಾಯಿದಾ ಗೆದ್ದತು.

2024ರ ಜುಲೈ 1ಕ್ಕ ದೊಡ್ಡ ಪೆಟ್ಟು ಬಿತ್ತು. ಗುನ್ನೆ-ಶಿಕ್ಷಾದ ಹಳೇ ಕಾಯ್ದೆ ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು, 511 ಸೆಕ್ಷನ್ ಇದ್ದದ್ದು 358. ವಹಿ ಮೊದಲ ಭಾಗ ಹಳೇದಾತು. ಖೂನಿಗೆ 302 ಹೋಗಿ 103, ಮೋಸಕ್ಕ 420 ಹೋಗಿ 318, ಬೈಗುಳಕ್ಕೂ ಹೊಸ ನಂಬರ್ ಹುಡುಕೂ ಪಾಳಿ. ಕ್ಯಾಲೆಂಡರಿನ ಹಿಂದಿನ ಖಾಲಿ ಹಾಳಿಮ್ಯಾಲೆ ಹಳೇದು-ಹೊಸದು ಬರದು ಆಫೀಸಿನ ಗ್ವಾಡಿಗೆ ಹಚ್ಚಿದೆ. ಈಗ ಸಾಹೇಬ್ರೂ ಅದನ್ನಾ ನೋಡ್ತಾರ, ಹೇಳಂಗಿಲ್ಲ ಅಷ್ಟಾ. ಹಳೇ ತಾರೀಖಿನ ಗುನ್ನೆಕ್ಕ ಐಪಿಸಿನಾ ನಡೀತತಿ, ಅದಕ್ಕ ಹಳೇ ವಹಿ ಒಗೀಬ್ಯಾಡ್ರಿ.

ಕನ್ನಡದಾಗ ಓದಿದ್ರ ಧಾರವಾಡದ ಹತ್ರದ ಬೇಲೂರಿನ ಹೈಕೋರ್ಟ್ ಪೀಠಕ್ಕ ಹೋಗಾಕ ಆಕ್ಕತೇನು ಅಂತ ಜೂನಿಯರ್ ಒಬ್ಬ ಚುಚ್ಚಿದ್ದ. ಅಂವ ಹೇಳಿದ್ದು ಖರೇನಾ, ಅಲ್ಲೆ ಇಂಗ್ಲಿಷ್ ಬೇಕು. ನಾ ತಾಲೂಕು ಕೋರ್ಟಿನ ಮನಷ್ಯಾ, ಇಲ್ಲೆ ಸಾಕ್ಷಿಗೆ ಪಾಟೀ ಸವಾಲು ಕನ್ನಡದಾಗನಾ ಹಾಕೂದು.

ಎಲ್‌ಎಲ್‌ಬಿ ಆದಮ್ಯಾಲೆ ವಕೀಲರು ಬರಿಯೂ ದೇಶದ ಪರೀಕ್ಷೆ ಎಐಬಿಇಗೆ ಫೀ 3,500ರ ಸುತ್ತಮುತ್ತ ಹೋತು. ಕನ್ನಡದಾಗ ಬರದೆ, 100 ಪ್ರಶ್ನಿ, ಬೇರ್ ಆಕ್ಟ್ ಒಯ್ಯಾಕ ಬಿಡ್ತಾರ, ಎಲ್ಲಿ ಏನೈತಿ ಅಂತ ಬೆರಳಿಗೆ ಗೊತ್ತಿದ್ರ ಆತು. ಸನದಿನ ಫೀದಾಗ ನನ್ನ ನಸೀಬ ಛಲೋ ಇತ್ತು. 2024ರ ಜುಲೈ 30ಕ್ಕ ಸುಪ್ರೀಂ ಕೋರ್ಟ್ 750ಕ್ಕಿಂತ ಹೆಚ್ಚಿಗಿ ತಗೋಬ್ಯಾಡ್ರಿ ಅಂತ ಹೇಳ್ತು, ಎಸ್‌ಸಿ ಎಸ್‌ಟಿಗೆ 125. ಅದಕ್ಕಂತ ಚೀಟಿ ಹಾಕಿ ಕೂಡಿಸಿದ್ದ ರೊಕ್ಕದಾಗ ಮನಿಯಾಕಿ ಮಷೀನಿಗೆ ಮೋಟಾರ್ ಹಾಕ್ಸಿದೆ.

ಕರೀ ಕೋಟು ಅಕಿ ಹೊಲೀತೀನಂದ್ಲು, ಕಾಲರ್ ಕುಂದ್ರಲಿಲ್ಲ, ಕಡೀಕ ಹುಬ್ಬಳ್ಳ್ಯಾಗ 2,400 ಕೊಟ್ಟು ತಂದೆ, ಸನದಿನ ಫೀದ ಮೂರು ಪಟ್ಟು. ಹಾಕ್ಕೊಂಡು ಆಫೀಸಿಗೆ ಹೋದೆ. ಸಾಹೇಬ್ರು ಮ್ಯಾಲಿಂದ ಕೆಳಗಿನ ತನಕ ನೋಡಿದ್ರು, ಡ್ರಾದಾಗಿಂದ ವಕೀಲರು ಕೊರಳಿಗೆ ಕಟ್ಟೂ ತಮ್ಮ ಒಂದು ಬಿಳೇ ಬ್ಯಾಂಡ್ ತಗದು ಕೊಟ್ಟು, "ಮಂಗಳವಾರದ ಕೈಫಿಯತ್ ಟೈಪ್ ಆಗೇತೇನ್ರಿ ವಕೀಲರ?" ಅಂದ್ರು. ಆಗಿರಲಿಲ್ಲ. ಕೋಟು ಕುರ್ಚಿಗೆ ಹಾಕಿ ಟೈಪ್ ಮಾಡಾಕ ಕುಂತೆ.